ಹೊಣೆಗಾರರ ಹೆಸರು

ಆಸ್ಪತ್ರೆಯ ಹೊಸ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಏಟಿಗೆ ಸಜ್ಜುಗೊಳಿಸಬೇಕಿದ್ದ ಪ್ರೋಗ್ರಾಂ ಅರ್ಧದಲ್ಲೇ ನಿಂತಿತು. ಪರದೆಯ ಮೇಲೆ ಕೆಂಪಕ್ಷರ: ‘ಹೊಣೆಗಾರ’ ಎಂಬ ವೇರಿಯಬಲ್‌ಗೆ ಬೆಲೆ ಕೊಟ್ಟಿಲ್ಲ. ಅಂದರೆ, ಆ ಜಾಗದಲ್ಲಿ ಯಾರ ಹೆಸರನ್ನೂ ತುಂಬಿರಲಿಲ್ಲ.

ಅದನ್ನು ನಡೆಸಲು ಬಂದಿದ್ದ ಇಂಜಿನಿಯರ್ ಮೊದಲು ಕಾಗುಣಿತ ನೋಡಿದಳು. ಸರಿಯಾಗಿತ್ತು. ಫೈಲುಗಳನ್ನೆಲ್ಲ ಜಾಲಾಡಿದಳು. ರಜೆಗೆ ಹೊಣೆಗಾರನ ಅಪ್ಪಣೆ ಬೇಕು, ಔಷಧಿ ತರಿಸಲು ಬೇಕು, ರೋಗಿಯನ್ನು ಮನೆಗೆ ಕಳಿಸಲೂ ಬೇಕು. ಆದರೆ ಆ ಮಹಾನುಭಾವ ಯಾರೆಂದು ಎಲ್ಲೂ ಬರೆದಿರಲಿಲ್ಲ. ಹೊರಗೆ ರಕ್ತಪರೀಕ್ಷೆಯ ವರದಿಗಾಗಿ ಜನ ಗೋಡೆಗೊರಗಿ ಕಾಯುತ್ತಿದ್ದರು.

ಅವಳು ದೊಡ್ಡ ಡಾಕ್ಟರ ಕೋಣೆಗೆ ಓಡಿದಳು. “ಸರ್, ಒಂದು ಹೆಸರು, ಒಂದು ಫೋನ್ ನಂಬರ್ ಕೊಟ್ಟರೆ ಸಾಕು.”

“ನಾನು ಡಾಕ್ಟರ್ ಕಣಮ್ಮ. ಹೊಣೆ ಅಂದ್ರೆ ಮ್ಯಾನೇಜರ್‌ದು.”

ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟ. “ಅಯ್ಯೋ, ನಾನು ಬರೀ ನೋಡ್ಕೊಳ್ಳೋನು! ಡಾಕ್ಟ್ರು ಇರೋವಾಗ ನಾನ್ಯಾಕೆ ತಲೆ ಕೊಡ್ಲಿ?”

ವಾರ್ಡಿನ ಕಂಪ್ಯೂಟರ್ ಮುಂದೆ ಬಂದು ಕುಸಿದು ಕೂತವಳನ್ನು ಮೂಲೆ ಹಾಸಿಗೆಯ ಅಜ್ಜಿ ಕೇಳಿದರು, “ಯಾಕಮ್ಮ, ಮುಖ ಬಾಡಿಸ್ಕೊಂಡಿದೀಯ?” ವಿಷಯ ತಿಳಿದು ನಕ್ಕರು. “ಅಷ್ಟೇ ತಾನೆ? ನನ್ನ ಹೆಸರೇ ಹಾಕ್ಕೋ. ನನ್ನ ರಿಪೋರ್ಟೂ ಬರಲಿ.”

ಇಂಜಿನಿಯರ್ ಆಚೀಚೆ ನೋಡಿ ಅಜ್ಜಿಯ ಹೆಸರು, ಫೋನ್ ನಂಬರ್ ಹಾಕಿಯೇಬಿಟ್ಟಳು. ಪ್ರೋಗ್ರಾಂ ಸರಸರನೆ ಓಡಿತು. ವರದಿಗಳು ಬಂದವು. ಅಪ್ಪಣೆ ಕೇಳುವ ಸಂದೇಶಗಳು ಬಂದು ಬಂದು ಸಂಜೆಯೊಳಗೆ ಅಜ್ಜಿಯ ಫೋನಿಗೆ ಪುರುಸೊತ್ತಿಲ್ಲ. ನರ್ಸ್ ರಜೆ ಕೇಳಿದರೆ, “ಪಾಪ, ಮಗೂಗೆ ಜ್ವರವಂತೆ” ಎಂದು ಒಪ್ಪಿಗೆ ಒತ್ತಿದರು. ಹತ್ತಿ, ಸೂಜಿ, ಔಷಧಿ ಎಲ್ಲಕ್ಕೂ ಹೂಂ ಅಂದರು. ಮ್ಯಾನೇಜರ್ ತನ್ನ ಕೋಣೆಗೆ ಹೊಸ ಸೋಫಾ ಕೇಳಿದ್ದನ್ನು ಮಾತ್ರ, “ಇರೋದಕ್ಕೇನಾಗಿದೆ?” ಎಂದು ವಾಪಸ್ ಕಳಿಸಿದರು. ಈ ಹೆಸರು ತೆಗೆಯಿರಿ ಎಂದು ಯಾರೂ ಅನ್ನಲಿಲ್ಲ. ತೆಗೆದರೆ ಇನ್ನೊಂದು ಹೆಸರು ಬೇಕಾಗುತ್ತಿತ್ತಲ್ಲ.

ಅಜ್ಜಿ ಗುಣವಾದರು. ದೊಡ್ಡ ಡಾಕ್ಟರ್ ಡಿಸ್ಚಾರ್ಜ್ ಬರೆದರು. ಅದೂ ಅಪ್ಪಣೆಗಾಗಿ ಅಜ್ಜಿಯ ಫೋನಿಗೇ ಬಂತು.

“ಒಂದ್ಸಲ ಒತ್ತಿಬಿಡಿ ಅಜ್ಜಿ, ಆರಾಮಾಗಿ ಮನೆಗೆ ಹೋಗ್ಬಹುದು,” ಎಂದರು ಡಾಕ್ಟರ್, ಹಾಸಿಗೆಯ ಪಕ್ಕ ಕೈಕಟ್ಟಿ ನಿಂತು.

ಅಜ್ಜಿ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದರು. ಬೆರಳು ಪರದೆಯ ಹತ್ತಿರ ಹೋಗಿ ನಿಂತಿತು.

“ಈ ರೋಗೀನ ಈಗ್ಲೇ ಕಳಿಸ್ಬೇಡಿ ಡಾಕ್ಟ್ರೇ,” ಎಂದರು ಮೆಲ್ಲಗೆ. “ಮನೇಲಿ ಇವರನ್ನ ಯಾರೂ ಏನೂ ಕೇಳಲ್ಲ.”