ಯಾವುದಾದರೂ ಒಂದು ಪದವಿ

'ಯಾವುದಾದರೂ ಪದವಿ' ಎಂದರೆ ಯಾವುದು? ಇಂಥದ್ದೇ ಎಂದು ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ಓದಿಬಿಡಬಹುದಿತ್ತು. ಸಿನಿಮಾ ಶಾಲೆಯವರು ಸ್ನಾತಕೋತ್ತರ ತರಗತಿಗೆ ಸೇರಲು ಅಷ್ಟನ್ನೇ ಕೇಳಿದ್ದರು: ಮೊದಲು ಮೂರು ವರ್ಷ ಬೇರೇನಾದರೂ ಓದಿ ಬಾ. ಇತಿಹಾಸ ಓದಿದರೆ ಕಥೆಗಳು ಸಿಕ್ಕಾವು. ಭೌತಶಾಸ್ತ್ರ ಓದಿದರೆ ಕ್ಯಾಮೆರಾದ ಮಸೂರ ಅರ್ಥವಾದೀತು. ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದು ಮೂರು ವರ್ಷ ಕೈ ಕೈ ಹಿಸುಕಿಕೊಳ್ಳಲೂಬಹುದು. ಮಗ ಮೇಜಿನ ಮೇಲೆ ಹರಡಿಕೊಂಡಿದ್ದ ಕಾಲೇಜಿನ ಅರ್ಜಿಯಲ್ಲಿ 'ಮುಖ್ಯ ವಿಷಯ'ದ ಮುಂದಿನ ಗೆರೆ ಇನ್ನೂ ಖಾಲಿ. ಸಂಜೆ ಐದಕ್ಕೆ ಗಡುವು.

ಅದೇ ಮೇಜಿನ ಆಚೆ ಬದಿಯಲ್ಲಿ ಅಪ್ಪ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಸಿನಿಮಾ ಬೇಡವೆಂದು ಅವನೇನೂ ಅಂದಿರಲಿಲ್ಲ. ನಾಳೆ ಕಡಲೆ ಸಿಗುತ್ತದೋ ಇಲ್ಲವೋ, ಹಲ್ಲಂತೂ ಗಟ್ಟಿಯಿರಲಿ, ರಸಾಯನಶಾಸ್ತ್ರ ತೆಗೆದುಕೋ ಎಂದು ಬೆಳಗಿನಿಂದ ಎರಡು ಸಲ ಹೇಳಿದ್ದ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ಅಪ್ಪನ ಕೈಯಲ್ಲಿದ್ದ ಸೆಟ್ಟು ಅವಳ ತಂದೆಯದು. ಹಳೆಯ ಫೋಟೋ ತಂದಿದ್ದಳು. ನಗುವ ಮುಖ, ಮುಂದಿನ ಒಂದು ಹಲ್ಲು ಓರೆ. ಹಾಗೇ ಓರೆಯಾಗಿ ಕೂರಿಸಬೇಕಂತೆ. ಅಪ್ಪನಿಗೆ ಇದು ಹಿಡಿಸಲಿಲ್ಲ.

"ನೋಡಿದೋರು ನನ್ನ ಕೈಯೇ ಸೊಟ್ಟ ಅಂತಾರಮ್ಮ."

"ನೆಟ್ಟಗಿದ್ರೆ ಅದು ನಮ್ಮಪ್ಪನ ಮುಖ ಆಗಲ್ಲ ಸಾರ್."

ಆಗದೆಂದು ಅಪ್ಪ ತಲೆ ಆಡಿಸಿದ. ಅವಳು ಫೋಟೋ ಎತ್ತಿಕೊಂಡು ಹೊರಟಳು. ಅವಳು ಕಿಟಕಿಯ ಹತ್ತಿರ ಹೋದಾಗ, ಆ ಹಲ್ಲು ಓರೆಯಾದದ್ದು ಹೇಗೆ ಎಂದು ಮಗ ಕೇಳಿದ. ಅವಳು ನಿಂತಳು. ಮಗುವಾಗಿದ್ದಾಗ ತಂದೆಯ ಮಡಿಲಿಂದ ತಟ್ಟನೆ ಎದ್ದಿದ್ದಳಂತೆ, ಅವಳ ತಲೆಯೇ ಹಲ್ಲಿಗೆ ಬಡಿದಿತ್ತಂತೆ. ಆಗ ಅವರು ಬೈದರೇ? ರಕ್ತ ಬಂತೇ? ದೊಡ್ಡವಳಾದ ಮೇಲೆ ಆ ಮಾತು ಎಂದಾದರೂ ಬಂದಿತ್ತೇ? ಒಂದು ಪ್ರಶ್ನೆಯನ್ನು ಅವನು ಎರಡು ಸಲ ಕೇಳಿದ. ಅವಳು ಎರಡು ಸಲವೂ ಉತ್ತರ ಹೇಳಿದಳು. ಎರಡನೆಯ ಸಲ ಕಣ್ಣು ಒರೆಸಿಕೊಂಡಳು.

ಓರೆಯಾಗಿಯೇ ಮಾಡಿಕೊಡುತ್ತೇನೆಂದು ಅಪ್ಪ ಒಪ್ಪಿದ. ಅವಳು ಹೋದ ಮೇಲೆ ಚಾಕು ಕಾಯಿಸಿ, ಮೇಣ ಸಡಿಲಿಸಿ, ಆ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದ.

"ಮೂವತ್ತು ವರ್ಷದಲ್ಲಿ ನಾನು ಒಬ್ರನ್ನೂ ಇಷ್ಟು ಕೇಳಿರ್ಲಿಲ್ಲ ಕಣೋ. ಜನರನ್ನ ಹೀಗೆ ಕೇಳಿ ತಿಳ್ಕೊಳ್ಳೋಕೆ ಅಂತ ಯಾವುದಾದ್ರೂ ಓದು ಇದ್ಯಾ?"

"ಇದೆ. ಮಾನವಶಾಸ್ತ್ರ ಅಂತ."

"ಹಾಗಾದ್ರೆ ಅದನ್ನೇ ಬರಿ. ರಸಾಯನ ಯಾರಿಗೆ ಬೇಕು."

ಮಗ ಬರೆದ. ಅಪ್ಪ ಕೈಗಂಟಿದ ಮೇಣ ಒರೆಸಿಕೊಂಡು ಸಹಿ ಹಾಕಿದ. ಮುಂದೆ ಮನೆಗೆ ಬಂದವರಿಗೆಲ್ಲ, ತನ್ನ ಮಗ ಎಂಥವನೆಂದು ಹೇಳಲು ಇದೇ ಸಂಗತಿಯನ್ನು ಹೇಳುತ್ತಿದ್ದ.

ಅಂದು ಕಿಟಕಿಯ ಬೆಳಕು ಅವಳ ಅರ್ಧ ಮುಖದ ಮೇಲಷ್ಟೇ ಬಿದ್ದಿತ್ತು. ಅವಳು ಆ ಬೆಳಕಿನಿಂದ ಕದಲದಿರಲಿ ಎಂದೇ ಕೇಳುತ್ತ ಹೋದೆ ಎಂಬುದನ್ನು ಮಗ ಎಂದೂ ಹೇಳಲಿಲ್ಲ.