ಏಳು ಜನ ಕೂತರೆ ಹತ್ತದ ಗಾಡಿ

ಈ ಕಥೆಯನ್ನು ಮೊದಲು ಹೇಳಿದವರು ಮೆಲ್ಕಾರಿನ ಟಯರ್ ಅಂಗಡಿಯ ಚನಿಯಪ್ಪ. ಹೇಳಿದ್ದು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ. ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ಬೇರೆ ಬಾಯಿಗಳಲ್ಲಿ ಇದು ಸಿಕ್ಕಿದೆ. ಎಲ್ಲ ಕಡೆ ಒಂದೇ ಆಗಿರುವಷ್ಟನ್ನು ಮಾತ್ರ ಇಲ್ಲಿ ಬರೆದಿದೆ.

ಇನ್ನೊಬ್ಬ ಗಿರಾಕಿಯೂ ಫೋನಿನಲ್ಲಿ ಅದೇ ಮಾತು ಹೇಳಿದ.

"ಬೇಡ ಮೇಡಂ. ಏಳು ಜನ ಕೂತರೆ ಆ ಗಾಡಿ ಚಡಾವು ಹತ್ತುವುದಿಲ್ಲವಂತೆ."

"ನೀವೇ ಏಳು ಜನ ಬನ್ನಿ. ಹತ್ತಿಸಿ ತೋರಿಸ್ತೇನೆ."

"ಹೊಸತರಲ್ಲಿ ಎಲ್ಲವೂ ಹತ್ತುತ್ತದೆ."

ವಿಸ್ಮಿತಾ ಫೋನಿಟ್ಟಳು. ಬಿ.ಸಿ.ರೋಡಿನ ಶೋರೂಮಿನಲ್ಲಿ ಎಸ್‌ಯುವಿ ಮಾರುವ ಕೆಲಸ ಅವಳದು. ಕಂಪನಿ ಹೆಸರು ಮಾಡಿದ್ದು ಸಣ್ಣ ಕಾರುಗಳಿಂದ. ಅವು ಪ್ರತಿ ವಾರ ಹೊರಬೀಳುತ್ತಿದ್ದವು. ದೊಡ್ಡದು ಮಾತ್ರ ಗಾಜಿನ ಹಿಂದೆ ನಿಂತಲ್ಲೇ ನಿಂತಿತ್ತು. ಬೆಂಗಳೂರಿನಿಂದ ಬಂದ ಅಧಿಕಾರಿಗಳು ಬಣ್ಣವನ್ನು ದೂರಿದರು, ಜಾಹೀರಾತನ್ನು ದೂರಿದರು. ಗಿರಾಕಿಗಳು ದೂರುತ್ತಿದ್ದದ್ದು ಚಡಾವನ್ನು.

"ದೀಪಾವಳಿಯೊಳಗೆ ಒಂದಾದರೂ ಹೋಗಬೇಕು," ಎಂದಿದ್ದರು ಮ್ಯಾನೇಜರ್ ಅಶೋಕ್. "ಇಲ್ಲದಿದ್ದರೆ ಈ ವಿಭಾಗವೇ ಇಲ್ಲ. ನಿಮ್ಮ ಕೆಲಸವೂ ಇಲ್ಲ." ಗಂಡ ಧನರಾಜ್ ದುಬೈ ಬಿಟ್ಟು ಬಂದು ಮನೆಯಲ್ಲಿ ಕೂತಿದ್ದ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ.

ವದಂತಿಗೆ ಕಾಲು ಬಹಳ. ಬಂಟ್ವಾಳದಲ್ಲಿ ಕೇಳಿದರೆ ಗಾಡಿ ನಿಂತದ್ದು ಕಾರಿಂಜದ ಏರಿನಲ್ಲಿ, ಒಳಗೆ ಮದುಮಗಳು. ಬೆಳ್ತಂಗಡಿಯಲ್ಲಿ ಕೇಳಿದರೆ ಚಾರ್ಮಾಡಿಯಲ್ಲಿ, ಒಳಗೆ ಪುರೋಹಿತರು. ಎರಡು ಕಡೆಯೂ ಜನ ಇಳಿದು ದೂಡಿದ್ದರು. ಕಂಡವರು ಒಬ್ಬರೂ ಇರಲಿಲ್ಲ.

ಅನುಮಾನ ಹೋದದ್ದು ಫಯಾಝ್‌ನ ಮೇಲೆ. ಹೆದ್ದಾರಿಯ ಆಚೆ ಬದಿ, ಇನ್ನೊಂದು ಕಂಪನಿಯ ಶೋರೂಮಿನಲ್ಲಿ ಅವನದೂ ಇದೇ ಕೆಲಸ. ಅವಳು ನೇರವಾಗಿ ಹೋಗಿ ಕೇಳಿದಳು.

ಅವನು ನಕ್ಕುಬಿಟ್ಟ. "ವಿಸ್ಮಿತಕ್ಕ, ನಿಮ್ಮ ಗಾಡಿ ಬೀಳಿಸಲಿಕ್ಕೆ ನಾವು ಬಾಯಿ ನೋಯಿಸಿಕೊಳ್ಳಬೇಕಾ? ಚಹಾದ ಹೋಟೆಲಿನವ ಬಿರಿಯಾನಿ ಮಾಡಿದರೆ ಯಾರು ನಂಬ್ತಾರೆ? ನಮಗೆ ಈ ಕಥೆ ಹೇಳಿದ್ದೇ ಗಿರಾಕಿಗಳು. ಅಷ್ಟು ಚಿಂತೆಯಾದರೆ, ಅದನ್ನು ತೆಗೆದುಕೊಂಡವರನ್ನು ಕೇಳಿ."

ತೆಗೆದುಕೊಂಡವರು ಈ ಮೂರೂ ತಾಲೂಕಿನಲ್ಲಿ ಒಬ್ಬರೇ: ಮೂಡುಬಿದಿರೆಯ ಅಮ್ಮಣ್ಣಿ. ಗಂಡನ ಜಮೀನು, ಎರಡು ಹೋಟೆಲುಗಳು, ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಹೆಂಗಸು. ನಾಲ್ಕು ವರ್ಷಗಳಲ್ಲಿ ಸರ್ವಿಸಿಗೆ ಒಮ್ಮೆಯೂ ತಪ್ಪಿರಲಿಲ್ಲ. ವೈಪರಿನ ರಬ್ಬರ್ ಬಿಟ್ಟರೆ ಏನನ್ನೂ ಬದಲಿಸಿರಲಿಲ್ಲ.

ಮನೆ ಗುಡ್ಡದ ನೆತ್ತಿಯಲ್ಲಿತ್ತು. ವಿಸ್ಮಿತಾಳ ಸ್ಕೂಟರು ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟಿತು; ಅಲ್ಲೇ ಬಿಟ್ಟು ನಡೆದಳು. ಅಂಗಳದಲ್ಲಿ ಗಾಡಿ ತೊಳೆದು ನಿಲ್ಲಿಸಿತ್ತು.

"ಅಮ್ಮ, ಇದರಿಂದ ನಿಮಗೆ ತೊಂದರೆ ಏನಾದರೂ ಉಂಟಾ?"

"ತೊಂದರೆ ಕೊಡುವುದು ಗಾಡಿಯಾ? ಛೇ!" ಅಮ್ಮಣ್ಣಿ ಬೆಲ್ಲ, ನೀರು ತಂದಿಟ್ಟರು. ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಅವರು ಹೆಸರು ನೋಡಿದರು, ಎತ್ತಲಿಲ್ಲ. ನಿಂತಿತು. ಮತ್ತೆ ಹೊಡೆದುಕೊಂಡಿತು.

"ಹಾಗಾದರೆ ಶನಿವಾರ ಶೋರೂಮಿಗೆ ಬಂದು ಒಂದು ಮಾತು ಹೇಳ್ತೀರಾ? ಬೇಡ ಅಂದವರನ್ನೆಲ್ಲ ಚಹಾಕ್ಕೆ ಕರೆದಿದ್ದೇನೆ."

"ಯಾರ್ಯಾರು ಬರ್ತಾರೆ?"

ವಿಸ್ಮಿತಾ ಹೆಸರುಗಳನ್ನು ಹೇಳಿದಳು. ಅಮ್ಮಣ್ಣಿ ಒಂದೊಂದಕ್ಕೂ ತಲೆದೂಗಿದರು. ಮುಗಿದ ಮೇಲೆ ಉಸಿರೆಳೆದುಕೊಂಡರು.

"ಅಷ್ಟೂ ಜನ ಬರ್ತಾರಾ! ಹಾಗಾದರೆ ನಾನು ಬರದೆ ಆಗುವುದಿಲ್ಲ."

ಶನಿವಾರ ಎಲ್ಲರೂ ಬಂದರು. ಚಹಾದ ಜೊತೆ ಕರಿದಿಟ್ಟ ಗೋಳಿಬಜೆ ಖಾಲಿಯಾಯಿತು. ಅಶೋಕ್ ಕೈಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿದ್ದರು. ವಿಸ್ಮಿತಾ ಮೈಕು ಕೊಟ್ಟಾಗ ಅಮ್ಮಣ್ಣಿ ಅದನ್ನು ಹಿಡಿದು ಸೆರಗು ಸರಿಮಾಡಿಕೊಂಡರು.

ಎದುರಿನ ಸಾಲಿನಿಂದ ಭವಿತ್ ಎಂಬ ಹುಡುಗ ಕೂಗಿದ. "ದೊಡ್ಡಮ್ಮ, ನೀವೇ ಹೇಳಿ. ಹತ್ತುತ್ತದಾ, ಇಲ್ಲವಾ?" ಪಕ್ಕದಲ್ಲಿ ಅವನ ಹೊಸ ಹೆಂಡತಿ ಕೂತಿದ್ದಳು.

ಅಮ್ಮಣ್ಣಿ ಆ ಹುಡುಗಿಯನ್ನು ನೋಡಿದರು. ಆಮೇಲೆ ವಿಸ್ಮಿತಾಳನ್ನು ನೋಡಿದರು.

"ಒಬ್ಬಳೇ ಹೋದರೆ ತೊಂದರೆ ಇಲ್ಲ," ಎಂದರು. "ಜನ ತುಂಬಿದರೆ ಹತ್ತುವುದಿಲ್ಲ."

ಅಶೋಕ್ ಒಂದು ಕ್ಷಣ ವಿಸ್ಮಿತಾಳತ್ತ ನೋಡಿ ಒಳಗೆ ಹೋದರು. ಅವಳು ತನ್ನ ಗಾಜಿನ ಕೋಣೆಗೆ ಹೋಗಿ ಮೇಜಿನ ಮೇಲಿದ್ದ ನೀರಿನ ಬಾಟಲಿ, ಮಗುವಿನ ಫೋಟೋ, ಛತ್ರಿಯನ್ನು ಚೀಲಕ್ಕೆ ತುಂಬತೊಡಗಿದಳು.

ಬಾಗಿಲು ತಳ್ಳಿಕೊಂಡು ಅಮ್ಮಣ್ಣಿ ಬಂದರು. ಹಿಂದಕ್ಕೆ ನೋಡಿ ಬಾಗಿಲು ಹಾಕಿಕೊಂಡರು.

"ಇನ್ನೊಂದು ಬೇಕು ಮಗಾ. ಅದೇ ಗಾಡಿ. ನನ್ನ ಮಗಳು ನವ್ಯಾಳಿಗೆ. ಚೆಕ್ ತಂದಿದ್ದೇನೆ, ಇವತ್ತೇ ಬರೆದುಕೋ."

ವಿಸ್ಮಿತಾಳಿಗೆ ಸಿಟ್ಟು ನೆತ್ತಿಗೇರಿತು. "ತಮಾಷೆಯಾ ಅಮ್ಮ? ಹತ್ತದ ಗಾಡಿ ಮಗಳಿಗೆ ಯಾಕೆ?"

"ಹತ್ತದೆ ಏನು? ಆನೆಯ ಹಾಗೆ ಹತ್ತುತ್ತದೆ. ಅದೇ ಅದರ ದೋಷ." ಅಮ್ಮಣ್ಣಿ ಸ್ವರ ತಗ್ಗಿಸಿದರು. "ಮೊದಲ ವರ್ಷ ನಾನು ಅದರಲ್ಲಿ ಕೂತದ್ದೇ ಇಲ್ಲ. ಒಬ್ಬರಿಗೆ ಮದುವೆ, ಒಬ್ಬರಿಗೆ ಬಾಣಂತನ, ಒಬ್ಬರಿಗೆ ಧರ್ಮಸ್ಥಳ. ನೆಂಟರಿಗೆ 'ಕೊಡುವುದಿಲ್ಲ' ಅಂತ ಹೇಳ್ಲಿಕ್ಕೆ ಆಗ್ತದಾ? ಗಾಡಿಗೆ ಆಗುವುದಿಲ್ಲ ಅಂತ ಹೇಳಿದೆ. ಭವಿತನ ಮದುವೆಗೂ ಹಾಗೇ ಹೇಳಿದ್ದೆ, ಪಾಪ, ಮದುಮಗಳು ಬಸ್ಸಿನಲ್ಲಿ ಬಂದಳು. ಈಗ ಅವಳ ಎದುರೇ ಮಾತು ಬದಲಿಸಿದರೆ ನನ್ನ ಮುಖ ಎಲ್ಲಿಡುವುದು?"

"ಭವಿತ್ ನಿಮಗೆ ಏನಾಗಬೇಕು?"

"ತಂಗಿಯ ಮಗ. ಅವನೊಬ್ಬನೇ ಅಲ್ಲ ಮಗಾ, ನೀನು ಚಹಾಕ್ಕೆ ಕರೆದವರು ಅಷ್ಟೂ ನನ್ನವರೇ."

ಗಾಜಿನಾಚೆ ಕುರ್ಚಿಗಳು ಸರಿದವು. ಅಮ್ಮಣ್ಣಿಯ ನೆಂಟರೆಲ್ಲ ಎದ್ದು, ಬಸ್ಸು ಹಿಡಿದು ಮನೆಗೆ ಹೋದರು.