ನೂಲಿನಷ್ಟು ನೀರು

ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ಸಿಂಕಿಗೆ ಬಿದ್ದದ್ದು ನೂಲಿನಷ್ಟು ನೀರು. ರುಕ್ಮಿಣಮ್ಮ ತಲೆಯೆತ್ತಿ ಚಾವಣಿಯನ್ನು ದುರುಗುಟ್ಟಿ ನೋಡಿದಳು.

"ಶುರು ಹಚ್ಕೊಂಡ್ಲು."

ಚಾವಣಿಯ ಮೇಲಿದ್ದವಳು ಒಡಹುಟ್ಟಿದ ತಂಗಿ ಹನುಮಕ್ಕ. ಮೂಕಂಡಪಲ್ಲಿಯ ಆ ಮನೆಯನ್ನು ಅಪ್ಪ ಇಬ್ಬರಿಗೂ ಹಂಚಿಕೊಟ್ಟಿದ್ದ. ಕೆಳಗಿನದು ಅಕ್ಕನಿಗೆ, ಮೇಲಿನದು ತಂಗಿಗೆ. ಹಂಚಲಾಗದೆ ಉಳಿದದ್ದು ಪೈಪು. ತಾರಸಿಯ ಟ್ಯಾಂಕಿನಿಂದ ಎರಡು ಅಡುಗೆಮನೆಗೂ ಒಂದೇ ಹಳೆಯ ಕಬ್ಬಿಣದ ಪೈಪು ಇಳಿದಿತ್ತು. ಅದರೊಳಗೆ ಉಪ್ಪು ಕಟ್ಟಿ ಅರ್ಧ ಮುಚ್ಚಿಹೋಗಿತ್ತು. ಮೇಲೆ ನಲ್ಲಿ ಬಿಟ್ಟರೆ ಕೆಳಗೆ ಸಿಂಕು ಒಣಗುತ್ತಿತ್ತು.

ಇಬ್ಬರೂ ಗಂಡನನ್ನು ಕಳೆದುಕೊಂಡು ಒಂಟಿಯಾಗಿದ್ದವರು. ತಾಯಿ ಬಿಟ್ಟುಹೋದ ಮೂಗುಬೊಟ್ಟು ಯಾರಿಗೆಂಬ ಮಾತಿಗೆ ಎರಡು ವರ್ಷದ ಹಿಂದೆ ಮುನಿಸಿಕೊಂಡಿದ್ದರು. ಆಮೇಲೆ ಹಬ್ಬಕ್ಕೆ ಕರೆಯಲಿಲ್ಲ, ಜ್ವರ ಬಂದರೆ ಕೇಳಲಿಲ್ಲ. ಮಾತು ಅಂತ ಉಳಿದದ್ದು ನೀರಿನ ಜಗಳ ಒಂದೇ. ನೀರು ಸಣ್ಣಗಾದ ಕೂಡಲೇ ರುಕ್ಮಿಣಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುವಳು. ಕಾಲು ಗಂಟೆ ಇಬ್ಬರೂ ಬಾಯಿ ಮಾಡುವರು. ಬೀದಿಯವರು ಅದನ್ನು ಕೇಳಿ ಕೇಳಿ ಗಡಿಯಾರದ ಸದ್ದಿನಷ್ಟು ರೂಢಿ ಮಾಡಿಕೊಂಡಿದ್ದರು.

ಹತ್ತು ದಿನದ ಹಿಂದೆ ಮಾತು ಮಿತಿ ಮೀರಿತ್ತು.

"ಇನ್ನೊಂದ್ಸಲ ನನ್ ಮೆಟ್ಲು ಹತ್ತಿದ್ರೆ ನೋಡು," ಎಂದಿದ್ದಳು ಹನುಮಕ್ಕ.

"ದೇವ್ರಾಣೆಗೂ ಹತ್ತಲ್ಲ ಕಣೇ," ಎಂದು ರುಕ್ಮಿಣಮ್ಮ ಇಳಿದು ಬಂದಿದ್ದಳು.

ಹಾಗಾಗಿ ಇವತ್ತು ಹತ್ತಲಿಲ್ಲ. ಪ್ಲಂಬರ್ ತಿಮ್ಮರಾಜುವಿಗೆ ಫೋನ್ ಮಾಡಿದಳು.

ಹನ್ನೊಂದು ಗಂಟೆಗೆ ಬಂದ ತಿಮ್ಮರಾಜು ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ, ಕೂತಿದ್ದ ಉಪ್ಪನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದ. ಸಿಂಕಿನ ಕೆಳಗೆ ತೂರಿ ವಾಲ್ವ್ ನೋಡಿದ. ಬಚ್ಚಲಿಗೆ ಹೋಗಿ ಅಲ್ಲಿಯ ನಲ್ಲಿ ತಿರುಗಿಸಿದ. ಅಲ್ಲಿ ನೀರು ಧೋ ಎಂದು ಸುರಿಯಿತು.

"ಬಚ್ಚಲ ಲೈನು ಬ್ಯಾರೆ. ಅದು ಚೆನ್ನಾಗೈತೆ. ಮೇಲಿನ ಅಡುಗೆಮನೇಲಿ ಯಾರೋ ನಲ್ಲಿ ಬುಟ್ಟವ್ರೆ ಕಣಕ್ಕ."

"ಯಾರೋ ಅಲ್ಲ, ಅವಳೇ. ಬೆಳಿಗ್ಗೆ ಆರಕ್ಕೆ ಬುಟ್ಟವ್ಳು ಇನ್ನೂ ನಿಲ್ಲಿಸಿಲ್ಲ. ಆಗ್ಲೇ ಎರಡು ಸಲ ಮೋಟಾರ್ ಹಾಕ್ದೆ. ಬೇಕಂತಲೇ ಮಾಡ್ತವ್ಳೆ."

ತಿಮ್ಮರಾಜು ಮೇಲೆ ಹೋಗಿ ಬಾಗಿಲು ತಟ್ಟಿ ಬಂದ.

"ಒಳಗೆ ನೀರು ಬೀಳೋ ಸದ್ದೈತೆ. ಕೂಗ್ದೆ, ಓಗೊಡಲಿಲ್ಲ."

"ನಾನು ಕಳ್ಸಿದ್ದು ಅಂತ ಗೊತ್ತಾಗಿರ್ತದೆ."

"ನೀವೇ ಒಂದ್ಸಲ ಹೋಗ್ಬಾರ್ದಾ ಅಕ್ಕ?"

"ಅವಳಿಗೆ ಬೇಕಾಗಿರೋದೇ ಅದು. ಹೋಗಲ್ಲ." ರುಕ್ಮಿಣಮ್ಮ ಕೈಕಟ್ಟಿ ನಿಂತಳು. "ಹೊರಗೋಡೆ ಮೇಲೆ ಪೈಪು ಅವಳ ಅಡುಗೆಮನೆಗೆ ಕವಲೊಡೆಯೋ ಕಡೆ ಒಂದು ವಾಲ್ವ್ ಐತಲ್ಲ, ಅದನ್ನ ಮುಚ್ಚು."

ತಿಮ್ಮರಾಜು ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಾಯಿಸಿದ. "ಅಕ್ಕ-ತಂಗೀರ ಮಧ್ಯೆ ನನ್ನ ತರಬ್ಯಾಡಿ."

"ಮುಚ್ಚಪ್ಪ. ಬಾಯಾರಿದ್ರೆ ತಾನೇ ಇಳಿದು ಬರ್ತಾಳೆ."

ಅವನು ಮುಚ್ಚಿದ. ಸಿಂಕಿನ ನಲ್ಲಿ ಒಮ್ಮೆ ಕೆಮ್ಮಿ, ಆಮೇಲೆ ಭೋರೆಂದು ಸುರಿಯಿತು. ರುಕ್ಮಿಣಮ್ಮನ ಮುಖ ಅರಳಿತು. ಬೆಳಗಿನಿಂದ ಬಿದ್ದಿದ್ದ ಪಾತ್ರೆಗಳನ್ನೆಲ್ಲ ಬೇಕೆಂದೇ ಸದ್ದು ಮಾಡುತ್ತ ತೊಳೆದಳು. ಹುರುಳಿಕಾಳು ಸಾರಿಗಿಟ್ಟಳು, ಮುದ್ದೆ ತೊಳಸಿದಳು. ಕಿವಿ ಮಾತ್ರ ಮೆಟ್ಟಿಲ ಮೇಲಿತ್ತು. ತಂಗಿ ಬಂದ ಕೂಡಲೇ ಏನು ಅನ್ನಬೇಕು, ಅದಕ್ಕವಳು ಏನು ಅಂದಾಳು, ತಾನು ತಿರುಗಿ ಏನು ಅನ್ನಬೇಕು, ಎಲ್ಲ ಸಿದ್ಧ ಮಾಡಿಕೊಂಡಳು. ಹತ್ತು ದಿನದಿಂದ ಬಾಯಿ ಸಪ್ಪೆಯಾಗಿತ್ತು ಎಂಬುದು ಅವಳಿಗೆ ಆಗಲೇ ತಿಳಿದದ್ದು.

ಒಂದು ಗಂಟೆಯಾಯಿತು. ಎರಡಾಯಿತು. ಮೇಲಿಂದ ಚೊಂಬಿನ ಸದ್ದೂ ಇಲ್ಲ, ಟೀವಿಯ ಸದ್ದೂ ಇಲ್ಲ.

ಮೂರಕ್ಕೆ ರುಕ್ಮಿಣಮ್ಮ ಎದ್ದು ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ನೀರು ಕಟ್ಟಿ ಮೂರು ಗಂಟೆಯ ಮೇಲಾದರೂ ಒಂದು ಬೈಗುಳ ಬಂದಿಲ್ಲ. ಹನುಮಿ ಅಂಥವಳಲ್ಲ.

ಅವಳು ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು. "ಹನುಮೀ! ಏಯ್ ಹನುಮೀ!" ಬಾಗಿಲಿಗೆ ಒಳಗಿನಿಂದ ಚಿಲಕ. ತಿಮ್ಮರಾಜುವನ್ನು ಮತ್ತೆ ಕರೆಸಿ ಅದನ್ನು ಮುರಿಸಬೇಕಾಯಿತು.

ಮೇಲಿನ ಅಡುಗೆಮನೆಯಲ್ಲಿ ಸಿಂಕು ಇರಲಿಲ್ಲ. ಮೂಲೆಯಲ್ಲಿ ಕೂತು ಪಾತ್ರೆ ತೊಳೆಯುವ ಜಾಗ, ಗೋಡೆಗೆ ಮೊಳದೆತ್ತರದಲ್ಲಿ ನಲ್ಲಿ. ಅದರ ಕೆಳಗೆ ಹನುಮಕ್ಕ ಒದ್ದೆ ಸೀರೆಯಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದೇ ಇತ್ತು, ಬಾಗಿಲ ಕಡೆಗೇ ಇತ್ತು.

ಪಾರ್ಶ್ವವಾಯು ಎಂದರು ಹೊಸೂರಿನ ಆಸ್ಪತ್ರೆಯಲ್ಲಿ. "ಬೆಳಿಗ್ಗೆಯೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು ಡಾಕ್ಟರು. ರುಕ್ಮಿಣಮ್ಮ ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. ಪಾತ್ರೆ ತೊಳೆಯಲು ನಲ್ಲಿ ಬಿಟ್ಟಿದ್ದಾಳೆ, ತಲೆ ಸುತ್ತಿ ಅಲ್ಲೇ ಬಿದ್ದಿದ್ದಾಳೆ, ನಲ್ಲಿ ಹಾಗೇ ಉಳಿದುಬಿಟ್ಟಿದೆ, ನನಗೇನು ಗೊತ್ತು. ಹೇಳಿ ಹೇಳಿ ತಾನೂ ಅದನ್ನು ನಂಬಲು ನೋಡಿದಳು.

ಮೂರನೆಯ ದಿನ ಬೆಳಗಾಗುವಾಗ ಹನುಮಕ್ಕ ಹೋದಳು. ಹಿಂದಿನ ಸಂಜೆ ಅವಳ ನಾಲಿಗೆ ಸ್ವಲ್ಪ ತಿರುಗಿತ್ತು. ಅಕ್ಕನ ಬೆರಳು ಹಿಡಿದುಕೊಂಡು, ಒಂದೊಂದೇ ಮಾತನ್ನು ಎಳೆದೆಳೆದು ಆಡಿದ್ದಳು.

"ರೂಮಲ್ಲಿ ಬಿದ್ದೆ ಕಣಕ್ಕ... ಕೂಗಿದ್ರೆ ದನಿ ಬರ್ಲಿಲ್ಲ... ನಿಂಗೆ ನೀರು ನಿಂತ್ರೆ ಜಗಳಕ್ಕಾದ್ರೂ ನೀನು ಬತ್ತೀಯ ಅಂತ, ತೆವಳ್ಕೊಂಡು ಹೋಗಿ ನಲ್ಲಿ ಬುಟ್ಟೆ."